ನೆತ್ತರು ನಿಂತಾಗ, ನೆತ್ತರು ಮರಳಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂತ್ರಪಿಂಡದ ಕಸಿ ನಡೆಯುವ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಒಂದು ಗಳಿಗೆ ಬರುತ್ತದೆ. ದಾನಿಯಿಂದ ಪಡೆದ ಮೂತ್ರಪಿಂಡ ಮಂಜುಗಡ್ಡೆಯ ಪೆಟ್ಟಿಗೆಯಿಂದ ಹೊರಬಂದು ರೋಗಿಯ ಕಿಬ್ಬೊಟ್ಟೆಯಲ್ಲಿ ಮಲಗಿರುತ್ತದೆ. ಅದರ ಬಣ್ಣ ಬೂದು, ಮುಟ್ಟಿದರೆ ತಣ್ಣಗೆ, ಮೆತ್ತಗೆ. ರಕ್ತನಾಳಗಳ ಹೊಲಿಗೆ ಮುಗಿದ ಮೇಲೆ ಶಸ್ತ್ರವೈದ್ಯರು ಕ್ಲಾಂಪುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ನೋಡುತ್ತಿದ್ದಂತೆಯೇ ಬೂದು ಅಳಿದು ನಸುಗೆಂಪು ಹರಡುತ್ತದೆ, ಪಿಂಡ ಬಿಗಿಯಾಗುತ್ತದೆ, ಎಲ್ಲವೂ ಕೂಡಿಬಂದರೆ ಕೆಲವೇ ನಿಮಿಷಗಳಲ್ಲಿ ಮೂತ್ರನಾಳದ ತುದಿಯಲ್ಲಿ ಮೊದಲ ಹನಿ ಮೂಡುತ್ತದೆ. ಆ ಹನಿಗಾಗಿ ಕೊಠಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕಾಯುವುದನ್ನು ನಾನು ಕಂಡಿದ್ದೇನೆ. ಕೆಲವೊಮ್ಮೆ ಅದು ಅಂದು ಬರುವುದಿಲ್ಲ, ಮರುದಿನವೂ ಬರುವುದಿಲ್ಲ. ಹೊಸ ಮೂತ್ರಪಿಂಡವನ್ನು ಮೈಯೊಳಗೆ ಇಟ್ಟುಕೊಂಡೇ ರೋಗಿ ಮತ್ತೆ ಡಯಾಲಿಸಿಸ್ ಯಂತ್ರದ ಬಳಿಗೆ ಹೋಗಬೇಕಾಗುತ್ತದೆ. ಹೊಲಿಗೆಯಲ್ಲಿ ತಪ್ಪಾಗಿರುವುದಿಲ್ಲ, ರಕ್ತದ ಗುಂಪೂ ಹೊಂದಿರುತ್ತದೆ. ಆದರೆ ರಕ್ತ ಹರಿಯದೆ ಕಳೆದ ಗಂಟೆಗಳೂ, ರಕ್ತ ಮರಳಿ ಬಂದ ಆ ಗಳಿಗೆಯೂ ಸೇರಿ ಒಳಗಿನ ಜೀವಕೋಶಗಳನ್ನು ಗಾಯಗೊಳಿಸಿರುತ್ತವೆ. ಈ ಗಾಯವನ್ನು ವಂಶವಾಹಿ ಚಿಕಿತ್ಸೆಯಿಂದ, ಅಂದರೆ ಜೀನ್ ಥೆರಪಿಯಿಂದ, ಮೊದಲೇ ತಡೆಯಬಹುದೇ ಎಂಬುದು ಇಂದಿನ ಮಾತಿನ ವಿಷಯ.

ಮೂತ್ರಪಿಂಡ ನೋಡಲು ಚಿಕ್ಕದು. ಒಂದೊಂದರ ತೂಕ ಸುಮಾರು 150 ಗ್ರಾಂ. ಆದರೂ ಹೃದಯ ಪ್ರತಿ ನಿಮಿಷ ಹೊರಕ್ಕೆ ತಳ್ಳುವ ರಕ್ತದಲ್ಲಿ ಐದರಲ್ಲೊಂದು ಪಾಲು, ಎಂದರೆ ಸುಮಾರು ಒಂದು ಲೀಟರ್, ಈ ಎರಡು ಪಿಂಡಗಳಿಗೇ ಸಲ್ಲುತ್ತದೆ. ದಿನವೊಂದಕ್ಕೆ ಇವು ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಟ್ಟು ಉಳಿದದ್ದನ್ನೆಲ್ಲ ಮರಳಿ ಹೀರಿಕೊಳ್ಳುತ್ತವೆ. ಸೋಸುವುದಕ್ಕೆ ರಕ್ತದ ಒತ್ತಡವೇ ಸಾಕು. ಮರಳಿ ಹೀರುವುದು ಮಾತ್ರ ದುಬಾರಿ ಕೆಲಸ. ಸೂಕ್ಷ್ಮನಾಳಗಳ ಗೋಡೆಯಲ್ಲಿರುವ ಜೀವಕೋಶಗಳು ಹಗಲಿರುಳು ಸೋಡಿಯಂ ಪಂಪುಗಳನ್ನು ನಡೆಸುತ್ತಿರಬೇಕು, ಅದಕ್ಕೆ ಬೇಕಾದ ಶಕ್ತಿಯನ್ನು ಅವುಗಳ ಒಳಗೆ ಕಿಕ್ಕಿರಿದಿರುವ ಮೈಟೊಕಾಂಡ್ರಿಯಗಳು ಆಮ್ಲಜನಕವನ್ನು ಬಳಸಿ ಒದಗಿಸಬೇಕು.

ಇಷ್ಟು ಧಾರಾಳವಾಗಿ ರಕ್ತ ಬಂದರೂ ಅದು ಒಳಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಹೊರತೊಗಟೆಗೆ ಸಿಗುವಷ್ಟು ಆಮ್ಲಜನಕ ಒಳತಿರುಳಿಗೆ ಸಿಗುವುದಿಲ್ಲ. ತೊಗಟೆ ಮತ್ತು ತಿರುಳು ಸೇರುವ ಅಂಚಿನ ಸೂಕ್ಷ್ಮನಾಳಗಳು ಎಲ್ಲವೂ ಚೆನ್ನಾಗಿರುವ ದಿನದಲ್ಲೂ ಕೊರತೆಯ ಅಂಚಿನಲ್ಲೇ ಬದುಕುತ್ತವೆ. ನಾಲೆಯ ಕೊನೆಯ ಭಾಗದ ಗದ್ದೆಗಳ ಪಾಡನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ತೂಬು ಸ್ವಲ್ಪ ತಗ್ಗಿದರೆ ಮೊದಲು ಒಣಗುವುದು ಅಲ್ಲಿನ ಪೈರು. ರಕ್ತದೊತ್ತಡ ಕುಸಿದಾಗ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದಾಗ, ವಾಂತಿಭೇದಿಯಿಂದ ಮೈಯ ನೀರು ಬತ್ತಿದಾಗ, ಹೃದಯದ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ, ಮೂತ್ರಪಿಂಡದಲ್ಲಿ ಮೊದಲು ಸಾಯುವುದು ಈ ಅಂಚಿನ ಜೀವಕೋಶಗಳೇ. ಮರುದಿನ ಆ ರೋಗಿಯ ಮೂತ್ರದ ಗಸಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಸರುಗಂದು ಬಣ್ಣದ, ಕಾಳುಕಾಳಾದ, ಸಣ್ಣ ಕೊಳವೆಯಲ್ಲಿ ಎರಕ ಹೊಯ್ದಂಥ ತುಣುಕುಗಳು ಕಾಣುತ್ತವೆ. ಸತ್ತ ಕೋಶಗಳು ನಾಳದ ಗೋಡೆಯಿಂದ ಕಳಚಿ, ನಾಳದೊಳಗೇ ಅಚ್ಚುಕಟ್ಟಿ, ಹೊರಬಿದ್ದ ರೂಪ ಅದು. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರಿದ್ದು ಗೊತ್ತಾಗಲು ಒಂದೆರಡು ದಿನವೇ ಹಿಡಿಯಬಹುದು. ಅಷ್ಟರೊಳಗೆ ಹಾನಿ ನಡೆದುಹೋಗಿರುತ್ತದೆ.

ರಕ್ತ ನಿಂತರೆ ಹಾನಿ ಎಂಬುದು ಯಾರಿಗೂ ತಿಳಿಯುವ ಮಾತು. ರಕ್ತ ಮರಳುವುದೂ ಹಾನಿ ಮಾಡುತ್ತದೆ ಎಂಬುದು ವೈದ್ಯಲೋಕಕ್ಕೆ ನಿಧಾನವಾಗಿ ಮನದಟ್ಟಾದ ಸಂಗತಿ. ಆಮ್ಲಜನಕ ಇಲ್ಲದಿದ್ದಾಗ ಮೈಟೊಕಾಂಡ್ರಿಯಗಳ ಕೆಲಸ ಅರ್ಧಕ್ಕೆ ನಿಂತು, ಸಕ್ಸಿನೇಟ್ ಎಂಬ ವಸ್ತು ಕೋಶದೊಳಗೆ ರಾಶಿ ಬೀಳುತ್ತದೆ. ರಕ್ತ ಬಂದ ಕೂಡಲೇ ಆ ರಾಶಿ ಒಮ್ಮೆಗೇ ಉರಿಯತೊಡಗಿ, ಆಮ್ಲಜನಕದ ಉಗ್ರ ಕಣಗಳು ಹುಟ್ಟಿ, ಕೋಶದ ಪೊರೆಗಳನ್ನೂ ಪ್ರೋಟೀನುಗಳನ್ನೂ ಕಡೆಗೆ ಮೈಟೊಕಾಂಡ್ರಿಯವನ್ನೂ ಸುಡುತ್ತವೆ. ಅದರ ಹಿಂದೆಯೇ ರಕ್ತದ ಬಿಳಿಕಣಗಳು ಧಾವಿಸಿ ಬಂದು ಉರಿಯೂತ ಎಬ್ಬಿಸುತ್ತವೆ. ಹಾಗೆಂದು ರಕ್ತವನ್ನು ಮರಳಿ ಬಿಡದಿರಲು ಸಾಧ್ಯವೇ? ಬಿಡಲೇಬೇಕು. ಆದ್ದರಿಂದ ಮರಳುವ ರಕ್ತವನ್ನು ತಾಳಿಕೊಳ್ಳುವ ಶಕ್ತಿ ಕೋಶಕ್ಕೆ ಇರಬೇಕು.

ಆ ಶಕ್ತಿ ಕೋಶದಲ್ಲಿಯೇ ಅಡಗಿದೆ ಎಂದು ತೋರಿಸಿದ್ದು 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಹೃದಯದ ಮೇಲೆ ನಡೆದ ಒಂದು ಪ್ರಯೋಗ. ಹೃದಯದ ರಕ್ತನಾಳವನ್ನು ಐದೈದು ನಿಮಿಷಗಳಂತೆ ನಾಲ್ಕು ಬಾರಿ ಮುಚ್ಚಿ ತೆರೆದು, ಆಮೇಲೆ ದೀರ್ಘಕಾಲ ಮುಚ್ಚಿದಾಗ, ಸತ್ತ ಹೃದಯಸ್ನಾಯುವಿನ ಪ್ರಮಾಣ ಮೊದಲು ಹೀಗೆ ಮಾಡದ ನಾಯಿಗಳಲ್ಲಿದ್ದುದರ ಕಾಲುಭಾಗಕ್ಕೆ ಇಳಿದಿತ್ತು. ಸಣ್ಣ ಕಷ್ಟ ಉಂಡ ಅಂಗ ದೊಡ್ಡ ಕಷ್ಟಕ್ಕೆ ಅಣಿಯಾಗಿತ್ತು. ಇಲಿಗಳ ಮೂತ್ರಪಿಂಡದಲ್ಲೂ ಇದೇ ಕಂಡಿತು. ಹಾಗಾದರೆ ಮನುಷ್ಯರಲ್ಲಿ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿ, ಬಿಗಿದು ಸಡಿಲಿಸಿ, ದೂರದಿಂದಲೇ ಹೃದಯ ಮೂತ್ರಪಿಂಡಗಳನ್ನು ಅಣಿಗೊಳಿಸಬಹುದೇ ಎಂದೂ ನೋಡಿದರು. 2015ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರ ಮೂತ್ರಪಿಂಡಗಳಿಗೆ ಇದರಿಂದ ಉಪಯೋಗವಾಯಿತು. ಅದೇ ವರ್ಷ ಬಂದ ಇನ್ನೂ ದೊಡ್ಡ ಎರಡು ಅಧ್ಯಯನಗಳಲ್ಲಿ ಉಪಯೋಗ ಕಾಣಲಿಲ್ಲ.

ವಂಶವಾಹಿ ಚಿಕಿತ್ಸೆಯ ದಾರಿ ತೆರೆಯುವುದು ಇಲ್ಲಿಂದ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬಕಲಾವೊ ಮತ್ತು ಸಂಗಡಿಗರು ಕೇಳಿಕೊಂಡ ಪ್ರಶ್ನೆ ನನಗೆ ಬಹಳ ಹಿಡಿಸಿತು. ಸಣ್ಣ ಕಷ್ಟ ಉಂಡು ಗಟ್ಟಿಯಾದ ಮೂತ್ರಪಿಂಡದ ಮೈಟೊಕಾಂಡ್ರಿಯದಲ್ಲಿ ಯಾವ ಪ್ರೋಟೀನು ಹೆಚ್ಚಾಗಿದೆ, ಅದನ್ನೇ ನೇರವಾಗಿ ಕೊಟ್ಟರೆ ಕಷ್ಟ ಕೊಡದೆಯೇ ಗಟ್ಟಿ ಮಾಡಬಹುದಲ್ಲವೇ ಎಂಬುದು ಆ ಪ್ರಶ್ನೆ. ಹುಡುಕಿದಾಗ ಸಿಕ್ಕಿದ್ದು ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್-2 ಎಂಬ ಕಿಣ್ವ. ಹೆಸರು ಉದ್ದವಾದರೂ ಕೆಲಸ ಸರಳ: ಉಗ್ರ ಕಣಗಳನ್ನು ತಣಿಸುವ ಗ್ಲುಟಾಥಿಯೋನ್ ಎಂಬ ವಸ್ತುವನ್ನು ಮತ್ತೆ ಮತ್ತೆ ಸಿದ್ಧಗೊಳಿಸಲು ಬೇಕಾದ ಇಂಧನವನ್ನು ಇದು ಮೈಟೊಕಾಂಡ್ರಿಯದ ಒಳಗೆ ಒದಗಿಸುತ್ತದೆ. ಈ ಕಿಣ್ವದ ವಂಶವಾಹಿಯನ್ನು ಇಲಿಗಳ ಮೂತ್ರಪಿಂಡಕ್ಕೆ ಸೇರಿಸಿ, ಆಮೇಲೆ ರಕ್ತ ತಡೆದು ಬಿಟ್ಟಾಗ, ಆ ಮೂತ್ರಪಿಂಡಗಳು ಸಣ್ಣ ಕಷ್ಟ ಉಂಡವುಗಳಂತೆಯೇ ತಾಳಿಕೊಂಡವು. ಇದು ಪ್ರಕಟವಾದದ್ದು 2018ರಲ್ಲಿ.

ವಂಶವಾಹಿಯನ್ನು ಒಳಗೆ ಸೇರಿಸಿದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಷ್ಟವೆಲ್ಲ ಅಲ್ಲಿಯೇ ಇದೆ. ವಂಶವಾಹಿ ಚಿಕಿತ್ಸೆಯಲ್ಲಿ ಹೆಚ್ಚಾಗಿ ವಾಹಕವಾಗಿ ಬಳಸುವ ಎಎವಿ ಎಂಬ ನಿರುಪದ್ರವಿ ವೈರಸ್ಸಿನ ಅಗಲ ಸುಮಾರು 25 ನ್ಯಾನೊಮೀಟರ್. ಮೂತ್ರಪಿಂಡದ ಜರಡಿಯಲ್ಲಿ ಅಷ್ಟು ದೊಡ್ಡ ಕಣ ತೂರುವುದಿಲ್ಲ. ತೋಳಿನ ರಕ್ತನಾಳಕ್ಕೆ ಚುಚ್ಚಿದ ವೈರಸ್ಸು ಬಹುಪಾಲು ಯಕೃತ್ತನ್ನು ಸೇರುತ್ತದೆ. ನಮಗೆ ಬೇಕಾದ ಸೂಕ್ಷ್ಮನಾಳದ ಕೋಶ ಜರಡಿಯ ಆಚೆಗೇ ಉಳಿಯುತ್ತದೆ. ಅದಕ್ಕಾಗಿ ಇಂಡಿಯಾನಾದವರು ಹಿಂಬಾಗಿಲಿನಿಂದ ಹೋದರು. ಮೂತ್ರಪಿಂಡದಿಂದ ರಕ್ತ ಹೊರಹೋಗುವ ಅಭಿಧಮನಿಯೊಳಕ್ಕೆ, ವಂಶವಾಹಿ ಬೆರೆತ ದ್ರವವನ್ನು ಕೆಲವೇ ಕ್ಷಣಗಳಲ್ಲಿ ರಭಸದಿಂದ ತುಂಬಿದರು. ಹಿಮ್ಮುಖವಾಗಿ ನುಗ್ಗಿದ ದ್ರವದ ಒತ್ತಡಕ್ಕೆ ವಂಶವಾಹಿ ಕೋಶಗಳ ಒಳಸೇರಿತು. ವೈರಸ್ಸನ್ನೇ ಬಳಸಬೇಕೆಂಬ ಅಗತ್ಯವಿರಲಿಲ್ಲ, ಬರಿಯ ಡಿಎನ್ಎ ಉಂಗುರವೂ ಸಾಕಾಯಿತು. ಇಲಿಯ ಮೂತ್ರಪಿಂಡಕ್ಕೆ ಒಗ್ಗಿದ ಒತ್ತಡ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಮನುಷ್ಯನ ಮೂತ್ರಪಿಂಡಕ್ಕೂ ಹಾಗೆಯೇ ಒಗ್ಗೀತೆಂದು ಭಾವಿಸಬಾರದು.

ಜರಡಿಯಲ್ಲಿ ಸಲೀಸಾಗಿ ತೂರುವ ಇನ್ನೊಂದು ವಸ್ತುವಿದೆ. ಅದು ಒಂದು ವಂಶವಾಹಿಯ ಬಾಯಿ ಮುಚ್ಚಿಸುವ ಪುಟ್ಟ ಆರ್‌ಎನ್‌ಎ ತುಣುಕು. ಈ ಬಗೆಯ ಮೌನದ ತತ್ತ್ವವನ್ನು ಕಂಡುಹಿಡಿದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಬಂದಿತು. ಈ ತುಣುಕನ್ನು ರಕ್ತಕ್ಕೆ ಸೇರಿಸಿದರೆ ಅದು ಸೋಸಿಹೋಗಿ, ಕೆಲವೇ ನಿಮಿಷಗಳಲ್ಲಿ ಸೂಕ್ಷ್ಮನಾಳದ ಕೋಶಗಳೊಳಗೆ ತಾನಾಗಿಯೇ ಹೀರಿಕೆಯಾಗುತ್ತದೆ. ಗಾಯಗೊಂಡ ಕೋಶಕ್ಕೆ ಸಾಯಲು ಆಜ್ಞೆ ಕೊಡುವ ಪಿ-53 ಎಂಬ ಪ್ರೋಟೀನನ್ನು ಕೆಲಕಾಲ ತಡೆದರೆ, ಕೋಶ ತನ್ನನ್ನು ದುರಸ್ತಿ ಮಾಡಿಕೊಳ್ಳಲು ಬಿಡುವು ಸಿಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಟೆಪ್ರಸಿರಾನ್ ಎಂಬ ಔಷಧ ತಯಾರಾಯಿತು. ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 360 ರೋಗಿಗಳ ಎರಡನೆಯ ಹಂತದ ಪ್ರಯೋಗದಲ್ಲಿ, ಔಷಧ ಪಡೆಯದವರಲ್ಲಿ ನೂರಕ್ಕೆ ಸುಮಾರು 50 ಮಂದಿಗೆ ಮೂತ್ರಪಿಂಡದ ತೀವ್ರ ಗಾಯವಾದರೆ, ಪಡೆದವರಲ್ಲಿ ಅದು 37ಕ್ಕೆ ಇಳಿಯಿತು. ಇದನ್ನು ಓದಿದ ದಿನ ನಾನು ನಿಜವಾಗಿಯೂ ಸಂತೋಷಪಟ್ಟೆ. ಆದರೆ ಮೂರನೆಯ ಹಂತದ ದೊಡ್ಡ ಪ್ರಯೋಗಗಳು, ಹೃದಯ ಶಸ್ತ್ರಚಿಕಿತ್ಸೆಯಲ್ಲಿಯೂ ಮೂತ್ರಪಿಂಡದ ಕಸಿಯಲ್ಲಿಯೂ, ಕೈಕೊಟ್ಟವು. ಎರಡನೆಯ ಹಂತದ ಅಂಕಿಗಳನ್ನು ನೆಚ್ಚಿಕೊಂಡು ರೋಗಿಗೆ ಭರವಸೆ ಕೊಡಬಾರದು ಎಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಹಾಗಿದ್ದರೂ ಈ ದಾರಿಯಲ್ಲಿ ನನಗೆ ನಂಬಿಕೆ ಉಳಿದಿರುವುದಕ್ಕೆ ಕಾರಣವಿದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯದಂಥ ಹುಟ್ಟುರೋಗದಲ್ಲಿ ಸೇರಿಸಿದ ವಂಶವಾಹಿ ವರ್ಷಗಟ್ಟಲೆ ಕೆಲಸ ಮಾಡಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಂಡ ಅಂಥ ಚಿಕಿತ್ಸೆಯ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದೆ. ರಕ್ತ ನಿಂತು ಮರಳುವ ಗಾಯಕ್ಕೆ ಅಷ್ಟು ಕಾಲ ಬೇಕಿಲ್ಲ. ಕೆಲವು ದಿನ ಕೋಶವನ್ನು ಕಾದು, ಬಳಿಕ ಆ ವಂಶವಾಹಿ ಮರೆಯಾದರೆ ಒಳ್ಳೆಯದೇ. ಪಿ-53ರಂಥ ಪ್ರೋಟೀನು ಕ್ಯಾನ್ಸರಿನಿಂದಲೂ ನಮ್ಮನ್ನು ಕಾಯುವುದರಿಂದ, ಅದನ್ನು ಬಹುಕಾಲ ತಡೆಹಿಡಿಯುವುದು ಅಪಾಯ. ಬೇರೆ ರೋಗಗಳಲ್ಲಿ ಕೊರತೆಯೆನಿಸುವ ಬರಿಯ ಡಿಎನ್ಎಯ ಅಲ್ಪಾಯುಷ್ಯ ಇಲ್ಲಿ ಅನುಕೂಲವೇ ಆಗುತ್ತದೆ.

ಇದು ಯಾರಿಗೆ ಒದಗೀತು ಎಂಬುದನ್ನೂ ನೇರವಾಗಿ ಹೇಳಬೇಕು. ವಂಶವಾಹಿ ಒಳಸೇರಿ, ಅದರ ಬರಹವನ್ನು ಕೋಶ ಓದಿ, ಪ್ರೋಟೀನು ತಯಾರಾಗಲು ಗಂಟೆಗಳೇ ಬೇಕು. ವಾಂತಿಭೇದಿಯಾಗಿ ಎರಡು ದಿನ ಕಳೆದ ಮೇಲೆ ಮೂತ್ರ ನಿಂತಿತೆಂದು ತಾಲ್ಲೂಕು ಆಸ್ಪತ್ರೆಗೆ ಬರುವ ಕೂಲಿಕಾರರಿಗೆ ಇದರಿಂದ ಏನೂ ಆಗದು. ಅವರ ಮೂತ್ರಪಿಂಡವನ್ನು ಉಳಿಸುವುದು ಮೊದಲ ದಿನವೇ ಸಿಗುವ ಓಆರ್‌ಎಸ್ ಪೊಟ್ಟಣ, ಸಕಾಲಕ್ಕೆ ಹಾಕುವ ಡ್ರಿಪ್. ರಕ್ತ ಯಾವಾಗ ನಿಲ್ಲುತ್ತದೆಂದು ಮೊದಲೇ ಗೊತ್ತಿರುವಲ್ಲಿ ಮಾತ್ರ ಈ ಚಿಕಿತ್ಸೆಗೆ ಎಡೆಯಿದೆ: ಮಹಾಪಧಮನಿಯ ಶಸ್ತ್ರಚಿಕಿತ್ಸೆ, ಗಡ್ಡೆಗಾಗಿ ಮೂತ್ರಪಿಂಡದ ಒಂದು ಭಾಗವನ್ನು ತೆಗೆಯುವಾಗ ನಾಳವನ್ನು ಬಿಗಿಯುವ ಸಂದರ್ಭ, ಎಲ್ಲಕ್ಕಿಂತ ಮಿಗಿಲಾಗಿ ಕಸಿ.

ಕಸಿಯಲ್ಲಿ ವಂಶವಾಹಿಯನ್ನು ಯಾರಿಗೆ ಕೊಡಬೇಕು ಎಂಬುದು ಸೂಕ್ಷ್ಮ ಪ್ರಶ್ನೆ. ನಮ್ಮ ದೇಶದ ಕಾನೂನಿನಂತೆ ಮಿದುಳು ಸಾವನ್ನು ಖಚಿತಪಡಿಸಲು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆಯಬೇಕು. ಆ ಬಳಿಕ ದಾನಿಯ ದೇಹಕ್ಕೇ ಔಷಧ ಕೊಡಬಹುದೆಂಬ ವಾದವಿದೆ. ಆದರೆ ಅದೇ ದಾನಿಯ ಹೃದಯ ಒಬ್ಬರಿಗೆ, ಯಕೃತ್ತು ಇನ್ನೊಬ್ಬರಿಗೆ ಹೋಗುತ್ತದೆ. ಮೂತ್ರಪಿಂಡಕ್ಕೆಂದು ಕೊಟ್ಟ ವಂಶವಾಹಿ ಅವರ ಮೈಯನ್ನೂ ಸೇರಿದರೆ, ಅವರ ಒಪ್ಪಿಗೆ ಕೇಳಿದವರು ಯಾರು? ಅದಕ್ಕಿಂತ, ಅಂಗವನ್ನು ಹೊರತೆಗೆದ ಮೇಲೆ, ಅದು ಯಾರ ದೇಹದಲ್ಲೂ ಇಲ್ಲದ ಆ ಹೊತ್ತಿನಲ್ಲಿ, ಅದೊಂದಕ್ಕೇ ಚಿಕಿತ್ಸೆ ಕೊಡುವುದು ಹೆಚ್ಚು ಸರಿಯೆಂದು ನನಗನಿಸುತ್ತದೆ. ಕೆನಡದ ಟೊರಾಂಟೊದಲ್ಲಿ 2009ರಲ್ಲೇ, ಕಸಿಗೆ ಯೋಗ್ಯವಲ್ಲವೆಂದು ಬಿಟ್ಟ ಮನುಷ್ಯರ ಶ್ವಾಸಕೋಶಗಳನ್ನು ಯಂತ್ರದ ಮೇಲೆ ಬೆಚ್ಚಗಿರಿಸಿ, ಉರಿಯೂತ ತಗ್ಗಿಸುವ ವಂಶವಾಹಿಯನ್ನು ಸೇರಿಸಿ, ಅವು ಚೇತರಿಸಿಕೊಂಡದ್ದನ್ನು ತೋರಿಸಿದ್ದಾರೆ.

ಬೆಚ್ಚಗೆ ಎಂಬ ಮಾತು ಇಲ್ಲಿ ಮುಖ್ಯ. ಬೆಂಗಳೂರಿನಲ್ಲಿ ಝೀರೋ ಟ್ರಾಫಿಕ್ ಮಾಡಿ ಆಂಬುಲೆನ್ಸ್ ಓಡಿದ ಸುದ್ದಿಯನ್ನು ತಾವು ಕೇಳಿರುತ್ತೀರಿ. ಜೀವಸಾರ್ಥಕತೆ ಸಂಸ್ಥೆಯ ಮೂಲಕ ಹಂಚಿಕೆಯಾದ ಅಂಗಗಳು ಹಾಗೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುತ್ತವೆ. ಪೆಟ್ಟಿಗೆಯೊಳಗೆ ಮೂತ್ರಪಿಂಡ ಸುಮಾರು 4 ಡಿಗ್ರಿಯ ಚಳಿಯಲ್ಲಿರುತ್ತದೆ. ಆ ಚಳಿ ಕೋಶದ ಹಸಿವನ್ನು ತಗ್ಗಿಸಿ ಅದನ್ನು ಕಾಪಾಡುತ್ತದೆ, ನಿಜ. ಆದರೆ ಅದೇ ಚಳಿಯಲ್ಲಿ ಕೋಶ ಹೊಸ ಪ್ರೋಟೀನನ್ನು ಹೆಚ್ಚುಕಡಿಮೆ ಕಟ್ಟಲಾರದು. ಸೇರಿಸಿದ ವಂಶವಾಹಿ ಓದುವವರಿಲ್ಲದ ಓಲೆಯಂತೆ ಉಳಿದುಬಿಡುತ್ತದೆ. ಇಂಗ್ಲೆಂಡಿನಲ್ಲಿ ಕಸಿಗೆ ಮುನ್ನ ಮೂತ್ರಪಿಂಡವನ್ನು ಒಂದು ಗಂಟೆ ಯಂತ್ರದ ಮೇಲೆ ಮೈಬಿಸಿಯಲ್ಲಿಟ್ಟು, ಕೆಂಪು ರಕ್ತಕಣಗಳಿರುವ ದ್ರಾವಣವನ್ನು ಹರಿಸಿ ನೋಡಿದ ದೊಡ್ಡ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಆ ಒಂದು ಗಂಟೆಯ ಬಿಸಿಯಿಂದಲೇ ಕಸಿಯ ನಂತರದ ಡಯಾಲಿಸಿಸ್ ಕಡಿಮೆಯಾಗಲಿಲ್ಲ, ಆದರೆ ಮೂತ್ರಪಿಂಡವನ್ನು ಹಾಗೆ ಇಡಲು ಸಾಧ್ಯವೆಂಬುದು ದೃಢಪಟ್ಟಿತು. ಇನ್ನು ಅದನ್ನು ಯಂತ್ರದ ಮೇಲೆ ಎಷ್ಟು ಗಂಟೆ ಬೆಚ್ಚಗಿಟ್ಟರೆ, ಕ್ಲಾಂಪು ಸಡಿಲುವ ಮೊದಲೇ ಕೋಶ ಆ ಓಲೆಯನ್ನು ಓದಿ ಮುಗಿಸಿ, ತನ್ನ ಕಿಣ್ವವನ್ನು ಸಿದ್ಧಮಾಡಿಕೊಂಡಿರುತ್ತದೆ ಎಂಬುದನ್ನು ಕಂಡುಕೊಳ್ಳಬೇಕಾಗಿದೆ.

ನಮಸ್ಕಾರ.