ಕಾಲು ಮುರಿದಾಗ ಶುರುವಾದ ಸಿಂಫನಿ

ಕೇಳುಗರಿಗೆ ನಮಸ್ಕಾರ.

1931ರ ಜನವರಿ. ಅಮೆರಿಕದ ಷಿಕಾಗೋ ನಗರ. ಇಬ್ಬರು ಹೆಣ್ಣುಮಕ್ಕಳ ತಾಯಿಯೊಬ್ಬರು ಪಾದದ ಮೂಳೆ ಮುರಿದುಕೊಂಡು ಮನೆಯಲ್ಲಿ ಕೂತಿದ್ದಾರೆ. ಓಡಾಡುವ ಹಾಗಿಲ್ಲ. ಹಾಗಾಗಿ, ಎಷ್ಟೋ ದಿನದ ಮೇಲೆ, ಬರೆಯೋಕೆ ಪುರುಸೊತ್ತು ಸಿಕ್ಕಿದೆ. ಅಯ್ಯೋ, ಕಾಲು ಮುರಿಯುವ ಭಾಗ್ಯ ಮತ್ತೆ ಯಾವಾಗ ಬರುತ್ತದೋ ಎಂದು ಅವರು ಆಮೇಲೆ ಪತ್ರವೊಂದರಲ್ಲಿ ಬರೆದರು. ಆ ದಿನಗಳಲ್ಲಿ ಅವರು ಕೈಹಾಕಿದ್ದು ತಮ್ಮ ಮೊದಲ ಸಿಂಫನಿಗೆ. ಸಿಂಫನಿ ಅಂದರೆ ಹತ್ತಾರು ವಾದ್ಯಗಾರರ ಆರ್ಕೆಸ್ಟ್ರಾ ನುಡಿಸೋಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ.

ಅವರ ಹೆಸರು ಫ್ಲಾರೆನ್ಸ್ ಪ್ರೈಸ್. ಹುಟ್ಟಿದ್ದು 1887ರ ಏಪ್ರಿಲ್ 9ರಂದು, ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ. ತಂದೆ ಹಲ್ಲಿನ ಡಾಕ್ಟರು, ತಾಯಿ ಸಂಗೀತದ ಟೀಚರು. ನಾಲ್ಕನೇ ವಯಸ್ಸಿಗೇ ಜನರ ಮುಂದೆ ಪಿಯಾನೊ ನುಡಿಸಿದ ಹುಡುಗಿ. ಮುಂದೆ ಓದೋಕೆ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿಗೆ ಹೋದರು. ಅಲ್ಲಿ ತಾಯಿ ಮಗಳ ಊರು ಮೆಕ್ಸಿಕೋದ ಪ್ವೆಬ್ಲಾ ಎಂದು ಬರೆಸಿದರು. ಕಪ್ಪು ಜನರ ಮನೆಯ ಮಗಳು ಅಂತ ಗೊತ್ತಾದರೆ ತೊಂದರೆ ಜಾಸ್ತಿ ಎಂಬ ಭಯ. ಹೆತ್ತ ತಾಯಿಯೇ ಮಗಳ ಊರು ಮರೆಮಾಡಬೇಕಾದ ಕಾಲ ಅದು.

1906ರಲ್ಲಿ ಓದು ಮುಗಿಯಿತು. ಪಾಠ ಹೇಳಿದರು, ವಕೀಲರೊಬ್ಬರನ್ನು ಮದುವೆಯಾದರು, ಲಿಟಲ್ ರಾಕ್‌ಗೆ ವಾಪಸ್ ಬಂದರು. ಬಿಳಿಯರ ಸಂಗೀತ ಶಿಕ್ಷಕರ ಸಂಘ ಅವರನ್ನು ಸದಸ್ಯೆಯಾಗಿ ಸೇರಿಸಿಕೊಳ್ಳಲಿಲ್ಲ. 1927ರಲ್ಲಿ ಅದೇ ಊರಿನಲ್ಲಿ ಜಾನ್ ಕಾರ್ಟರ್ ಎಂಬ ಕಪ್ಪು ವ್ಯಕ್ತಿಯನ್ನು ಬಿಳಿಯರ ಗುಂಪು ಕೊಂದು, ಕಪ್ಪು ಜನರ ಅಂಗಡಿ ಬೀದಿಗೆ ಎಳೆದು ತಂದು ಸುಟ್ಟಿತು. ಆ ವರ್ಷವೇ ಪ್ರೈಸ್ ಸಂಸಾರ ಊರು ಬಿಟ್ಟು ಷಿಕಾಗೋ ಸೇರಿತು. ಸ್ವಲ್ಪ ಕಾಲಕ್ಕೆ ಮದುವೆಯೂ ಮುರಿಯಿತು. ಹೊಟ್ಟೆಪಾಡಿಗೆ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸಿದರು. ರೇಡಿಯೋ ಜಾಹೀರಾತಿಗೂ ಹಾಡು ಕಟ್ಟಿಕೊಟ್ಟರು.

ಸಿಂಫನಿ ಬರೆಯೋದು ಒಬ್ಬರ ಕೆಲಸ. ಆದರೆ ಅದು ಕಿವಿಗೆ ಬೀಳಬೇಕಾದರೆ ಎಷ್ಟು ಕೈ ಬೇಕು ಗೊತ್ತಾ? ಎಲ್ಲ ವಾದ್ಯಗಳ ಸ್ವರವೂ ಒಂದರ ಕೆಳಗೊಂದು ಇರುವ ದೊಡ್ಡ ಪ್ರತಿಯನ್ನು ರಚನಕಾರರು ಬರೆದಿರುತ್ತಾರೆ. ಅದರಿಂದ ಪಿಟೀಲಿನವರದ್ದು, ಕೊಳಲಿನವರದ್ದು, ತುತ್ತೂರಿಯವರದ್ದು ಅಂತ ಒಂದೊಂದು ಸಾಲನ್ನೂ ಹೆಕ್ಕಿ ಬೇರೆ ಹಾಳೆಗಿಳಿಸಬೇಕು. ಆಗ ಜೆರಾಕ್ಸ್ ಇರಲಿಲ್ಲ. ಸ್ವರದ ಒಂದು ಗುರುತು ಮೇಲೆ ಕೆಳಗೆ ಆದರೂ ತಾಲೀಮಿನಲ್ಲಿ ಅಪಸ್ವರ. ಪ್ರೈಸ್ ಅವರ ಶಿಷ್ಯೆ, ಮುಂದೆ ತಾನೂ ಹೆಸರು ಮಾಡಿದ ಮಾರ್ಗರೆಟ್ ಬಾಂಡ್ಸ್, ಈ ಕೆಲಸವನ್ನು ನೆನೆಸಿಕೊಂಡಿದ್ದಾರೆ. ಚಳಿಗಾಲದ ರಾತ್ರಿ, ಬಾಂಡ್ಸ್ ಮನೆಯ ಅಡುಗೆಮನೆಯ ದೊಡ್ಡ ಮೇಜು, ಅದರ ತುಂಬ ಸ್ವರದ ಹಾಳೆ. ಯಾವುದೋ ಸಂಗೀತ ಸ್ಪರ್ಧೆಯ ಗಡುವು ಹತ್ತಿರ ಬಂದಿದೆ. ಸುತ್ತ ಕೂತವರೆಲ್ಲ ನಕಲು ಬರೆಯುತ್ತಿದ್ದಾರೆ.

ವಾನಮೇಕರ್ ಎಂಬ ಸಂಗೀತ ರಚನೆಯ ಸ್ಪರ್ಧೆಯಲ್ಲಿ 1932ರಲ್ಲಿ ಆ ಮೊದಲ ಸಿಂಫನಿಗೆ ಮೊದಲ ಬಹುಮಾನ ಬಂತು, 500 ಡಾಲರ್. 1933ರ ಜೂನ್ 15ರಂದು ಫ್ರೆಡರಿಕ್ ಸ್ಟಾಕ್ ಮುಂದಾಳುತನದಲ್ಲಿ ಷಿಕಾಗೋ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದು ಕಪ್ಪು ಹೆಣ್ಣುಮಗಳೊಬ್ಬಳ ಸಿಂಫನಿ ನುಡಿಸಿದ್ದು ಅದೇ ಮೊದಲು.

ಆ ಸಿಂಫನಿಯ ಎರಡನೇ ಭಾಗ ಶುರುವಾಗೋದು ಹಿತ್ತಾಳೆಯ ವಾದ್ಯಗಳಿಂದ. ಚರ್ಚಿನಲ್ಲಿ ಜನ ಎದ್ದು ನಿಂತು ಹಾಡಿದ ಹಾಗೆ, ನಿಧಾನ. ಮೂರನೇ ಭಾಗಕ್ಕೆ ಬಂದರೆ ಕಾಲು ಸುಮ್ನೆ ಕೂರೋದಿಲ್ಲ. ಅದರ ಹೆಸರು ಜೂಬಾ. ಡೋಲಿನ ಸದ್ದಿನಲ್ಲೇ ಸುದ್ದಿ ಕಳಿಸಿ ದಂಗೆಯೆದ್ದಾರು ಎಂದು ಗುಲಾಮರಿಗೆ ಡೋಲನ್ನೇ ಕೊಡದ ಕಾಲವಿತ್ತು. ಆಗ ಅವರು ಮೈಯನ್ನೇ ಡೋಲು ಮಾಡಿಕೊಂಡರು. ಎದೆ ತಟ್ಟಿ, ತೊಡೆ ತಟ್ಟಿ, ಹಿಮ್ಮಡಿ ನೆಲಕ್ಕೆ ಕುಟ್ಟಿ ಕುಣಿದರು. ಆ ಕುಣಿತವನ್ನು ಪ್ರೈಸ್ ಸೂಟು ಬೂಟಿನ ಆರ್ಕೆಸ್ಟ್ರಾದ ನಡುವೆ ತಂದು ನಿಲ್ಲಿಸಿದರು. ಪಕ್ಕದಲ್ಲಿ ಆಫ್ರಿಕದ ಡೋಲನ್ನೂ ಇಟ್ಟರು. ನನಗೆ ಅವರ ಸಂಗೀತದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು.

1939ರ ಏಪ್ರಿಲ್ 9, ಅವರ ಹುಟ್ಟಿದ ದಿನ. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಸುಮಾರು 75,000 ಜನ. ಅಲ್ಲಿ ಹೆಸರಾಂತ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಹಾಡಿದ ಹಾಡುಗಳಲ್ಲಿ ಪ್ರೈಸ್ ಅಳವಡಿಸಿದ ಭಕ್ತಿಗೀತೆಯೂ ಒಂದು.

ಇಷ್ಟಾದರೂ ದೊಡ್ಡ ಬಾಗಿಲುಗಳು ತೆರೆಯಲಿಲ್ಲ. 1943ರಲ್ಲಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಮುಂದಾಳು ಸೆರ್ಗೆ ಕುಸೆವಿಟ್ಸ್ಕಿಗೆ ಪತ್ರ ಬರೆದರು. ನನಗೆ ಎರಡು ಅಡ್ಡಿಗಳಿವೆ, ನಾನು ಹೆಣ್ಣು, ನನ್ನ ಮೈಯಲ್ಲಿ ಕಪ್ಪು ಜನರ ರಕ್ತವಿದೆ ಎಂದು ಶುರುವಾಗುತ್ತದೆ ಆ ಪತ್ರ. ಅವರು ಕೇಳಿದ್ದು ರಿಯಾಯಿತಿಯನ್ನಲ್ಲ. ಬರೆದದ್ದನ್ನು ನೋಡಿ ತೂಗಿ ಅಂದರು, ಅಷ್ಟೇ. ಕುಸೆವಿಟ್ಸ್ಕಿ ಅವರ ಒಂದು ಕೃತಿಯನ್ನೂ ನುಡಿಸಲಿಲ್ಲ. ಓದಿದ ಊರೇ ಹೀಗೆ ಮಾಡಿದರೆ ಹೊಟ್ಟೆ ಉರಿಯದೆ ಇರುತ್ತಾ? 1953ರ ಜೂನ್ 3ರಂದು ಪ್ರೈಸ್ ತೀರಿಕೊಂಡರು.

2009ರಲ್ಲಿ ಷಿಕಾಗೋದ ದಕ್ಷಿಣಕ್ಕಿರುವ ಸೇಂಟ್ ಆ್ಯನ್ ಎಂಬ ಸಣ್ಣ ಊರಿನಲ್ಲಿ, ಹಾಳು ಬಿದ್ದ ಮನೆಯೊಂದನ್ನು ರಿಪೇರಿ ಮಾಡಿಸಲು ದಂಪತಿ ಬಂದರು. ಮರ ಬಿದ್ದು ಸೂರಿನಲ್ಲಿ ತೂತು. ನೀರು ಸೋರದ ಒಂದು ಮೂಲೆಯಲ್ಲಿ ಕಾಗದದ ರಾಶಿ. ಎಲ್ಲ ಕೈಬರಹದ ಸಂಗೀತ. ಅದು ಒಂದು ಕಾಲಕ್ಕೆ ಪ್ರೈಸ್ ಅವರ ಬೇಸಿಗೆ ಮನೆ. ಪಿಟೀಲು ಮುಂದೆ, ಆರ್ಕೆಸ್ಟ್ರಾ ಜೊತೆಗೆ ಇರುವ ಎರಡು ಕಾನ್ಸರ್ಟೋ ಕೃತಿಗಳು, ನಾಲ್ಕನೇ ಸಿಂಫನಿ, ಎಲ್ಲ ಅಲ್ಲಿದ್ದವು. ಪತ್ರಿಕೆಗಳು ಪ್ರೈಸ್ ಅವರನ್ನು ಈಗ ಕಂಡುಹಿಡಿದ ಹಾಗೆ ಬರೆದವು. ಆ ಮಾತು ನನಗೆ ಒಪ್ಪಿಗೆಯಿಲ್ಲ. ಕಪ್ಪು ಜನರ ನಡುವೆ ಅವರ ಹಾಡುಗಳನ್ನು ಹಾಡೋದು ನಿಂತಿರಲಿಲ್ಲ. ರೇ ಲಿಂಡಾ ಬ್ರೌನ್ ಎಂಬ ವಿದ್ವಾಂಸೆ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಅವರ ಬದುಕು, ಸಂಗೀತ ಎರಡನ್ನೂ ಹುಡುಕಿ ಬರೆಯುತ್ತಿದ್ದರು.

ಆ ನಾಲ್ಕನೇ ಸಿಂಫನಿ ಬರೆದದ್ದು 1945ರಲ್ಲಿ. ಮೊದಲ ಸಲ ಕೇಳಿಸಿದ್ದು 2018ರ ಮೇ ತಿಂಗಳಲ್ಲಿ. ನುಡಿಸಿದವರು ಫೋರ್ಟ್ ಸ್ಮಿತ್ ಎಂಬ ಊರಿನ ಆರ್ಕೆಸ್ಟ್ರಾದವರು. ಆ ಊರು ಇರುವುದು ಆರ್ಕನ್ಸಾದಲ್ಲಿ. ಪ್ರೈಸ್ ಮಕ್ಕಳನ್ನು ಕಟ್ಟಿಕೊಂಡು ಬಿಟ್ಟು ಹೋದ ಅದೇ ರಾಜ್ಯ.

ಈಗ ನನ್ನ ಮಾತು ಸಾಕು. ಮೊದಲ ಸಿಂಫನಿಯ ಜೂಬಾ ಕೇಳಿ.