ಉತ್ತರ ಬರೆಯುವ ಯಂತ್ರಕ್ಕೆ ನಾನು ಕೊಟ್ಟ ಸೂಚನೆ

ಕೇಳುಗರಿಗೆ ನಮಸ್ಕಾರ.

ಮೂಡಿಗೆರೆ ಕಡೆಯ ಒಂದು ಸಣ್ಣ ಕಾಫಿ ತೋಟದಲ್ಲಿ ನಮ್ಮ ಮನೆ. ಅದರ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಡಿಸೆಂಬರ್, ಜನವರಿ ಬಂತೆಂದರೆ ಒಂದು ಕಡೆ ಕಾಫಿ ಕುಯ್ಲು, ಇನ್ನೊಂದು ಕಡೆ ರಜೆಗೆ ಬರುವವರ ಇಮೇಲ್. ಕಣದ ಕೆಲಸ ಮುಗಿಸಿ, ಆಳುಗಳ ಲೆಕ್ಕ ಬರೆದು, ರಾತ್ರಿ ಹತ್ತಕ್ಕೆ ಕೂತರೆ ಇಪ್ಪತ್ತು ಮೂವತ್ತು ಪತ್ರ ಕಾದಿರುತ್ತಿದ್ದವು. ಅದಕ್ಕೇ ಎರಡು ವರ್ಷದ ಹಿಂದೆ, ಬಂದ ಪತ್ರ ಓದಿ ಉತ್ತರದ ಕರಡು ಬರೆದುಕೊಡುವ ಎಐ ಸಹಾಯಕವೊಂದನ್ನು ಇಟ್ಟುಕೊಂಡೆ. ಯಾರ ಪರವಾಗಿ ಬರೆಯಬೇಕು, ಹೇಗೆ ಬರೆಯಬೇಕು ಅಂತ ಮೊದಲೇ ಅದಕ್ಕೊಂದು ಸೂಚನೆ ಬರೆದು ಕೊಡಬೇಕು. ಆ ಸೂಚನೆ ಬರೆಯುವುದನ್ನು ನಾನು ಹೇಗೆ ಕಲಿತೆ ಅನ್ನುವುದೇ ಇವತ್ತಿನ ಮಾತು.

ಮೊದಲು ನಾನು ಬರೆದದ್ದು ಒಂದೇ ಸಾಲು. ‘ನಮ್ಮ ಹೋಂಸ್ಟೇಗೆ ಬರುವ ಪತ್ರಗಳಿಗೆ ವಿನಯವಾಗಿ, ಆತ್ಮೀಯವಾಗಿ ಉತ್ತರ ಬರೆ.’ ಮೊದಲ ದಿನವೇ ಬೆಂಗಳೂರಿನವರೊಬ್ಬರಿಗೆ ಅದು ಬರೆದಿದ್ದ ಕರಡು ಓದಿ ಎದೆ ಧಸಕ್ಕೆಂದಿತು. ‘ನಿಮ್ಮನ್ನು ಮೂಡಿಗೆರೆ ರೈಲು ನಿಲ್ದಾಣದಿಂದ ಉಚಿತವಾಗಿ ಕರೆತರುತ್ತೇವೆ’ ಅಂತಿತ್ತು. ಮೂಡಿಗೆರೆಗೆ ರೈಲೇ ಇಲ್ಲ. ರೈಲು ಬೇಕೆಂದರೆ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು.

ಮೋಸ ಮಾಡಬೇಕೆಂದು ಯಂತ್ರ ಹಾಗೆ ಬರೆದದ್ದಲ್ಲ. ಹೋಟೆಲುಗಳು ಹೀಗೆ ಬರೆದದ್ದನ್ನು ಅದು ಲೆಕ್ಕವಿಲ್ಲದಷ್ಟು ಸಲ ಓದಿದೆ. ನಮ್ಮ ಮನೆಯ ಸಂಗತಿ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಎಲ್ಲರೂ ಹೇಳುವ ಮಾತನ್ನೇ ಹೇಳಿತು. ಗೂಗಲ್‌ನವರು 2015ರಲ್ಲಿ ಇಮೇಲಿಗೆ ಚುಟುಕು ಉತ್ತರ ಸೂಚಿಸುವ ವ್ಯವಸ್ಥೆ ತಂದರಲ್ಲ, ಅದರ ಆರಂಭದ ಮಾದರಿ ಎಂಥ ಪತ್ರಕ್ಕೂ ‘ಐ ಲವ್ ಯೂ’ ಅನ್ನುವ ಉತ್ತರವನ್ನು ಮುಂದಿಡುತ್ತಿತ್ತು ಅಂತ ಅವರೇ ಬರೆದಿದ್ದಾರೆ. ಖಾತ್ರಿ ಇಲ್ಲದಾಗ ಯಂತ್ರ ಬಳಕೆ ಹೆಚ್ಚಿರುವ ಮಾತಿನ ಕಡೆ ವಾಲುತ್ತದೆ. ಇದು ಗೊತ್ತಾದ ಮೇಲೆ ನನ್ನ ಸೂಚನೆಯ ಸ್ವರೂಪವೇ ಬದಲಾಯಿತು.

‘ವಿನಯವಾಗಿ’ ಅನ್ನುವುದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ. ನನಗೆ ಮಾತ್ರ ಗೊತ್ತಿರುವುದನ್ನು ಹೇಳಬೇಕಾಗಿತ್ತು. ಕೋಣೆಯ ಬಾಡಿಗೆ, ಬರುವ ಹೊತ್ತು, ಹೊರಡುವ ಹೊತ್ತು. ಮಳೆಗಾಲದಲ್ಲಿ ಕರೆಂಟು ಎರಡು ದಿನ ಇಲ್ಲದೆ ಹೋಗಬಹುದು, ಆಗ ವೈಫೈಯೂ ಇರುವುದಿಲ್ಲ ಅನ್ನುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದಲ್ಲಿ ರಕ್ತ ಹೀರುವ ಉಂಬಳ ಇರುತ್ತವೆ ಅನ್ನುವುದು. ಮನೆಯಲ್ಲಿ ಎರಡು ನಾಯಿಗಳಿವೆ, ರಾತ್ರಿ ಬಿಟ್ಟಿರುತ್ತೇವೆ ಅನ್ನುವುದು. ಇದೆಲ್ಲ ಬರೆದು ಕೊನೆಗೆ ಹೀಗೆ ಸೇರಿಸಿದೆ: ‘ಇಲ್ಲಿ ಇಲ್ಲದ ಸಂಗತಿಯನ್ನು ಹೇಳಬೇಡ. ಉತ್ತರ ಗೊತ್ತಿಲ್ಲದ ಕಡೆ ಚೌಕ ಕಂಸದಲ್ಲಿ “ಮನೆಯವರನ್ನು ಕೇಳಬೇಕು” ಅಂತ ಬರೆದು ಬಿಡು. ಕೋಣೆ ಖಾಲಿ ಇದೆ ಅಂತ ಎಂದೂ ಹೇಳಬೇಡ, ಯಾಕೆಂದರೆ ಬುಕಿಂಗ್ ಪುಸ್ತಕ ನನ್ನ ಹತ್ತಿರ ಇದೆ.’

ಆ ‘ಯಾಕೆಂದರೆ’ ಅನ್ನುವ ಪದವನ್ನು ದಯವಿಟ್ಟು ಗಮನಿಸಿ. ಅದಿಲ್ಲದೆ, ಮಳೆಗಾಲದಲ್ಲಿ ಯಾರಿಗೂ ಜಲಪಾತಕ್ಕೆ ಹೋಗಿ ಅನ್ನಬೇಡ ಅಂತಷ್ಟೇ ಒಮ್ಮೆ ಬರೆದಿದ್ದೆ. ಯಂತ್ರ ಜಲಪಾತದ ಮಾತು ಬಿಟ್ಟು, ಮಕ್ಕಳ ಜೊತೆ ಹಳ್ಳಕ್ಕಿಳಿದು ಆಡಬಹುದು ಅಂತ ಜುಲೈ ತಿಂಗಳಿಗೆ ಕರಡು ಬರೆಯಿತು. ಆಮೇಲೆ ಕಾರಣವನ್ನೂ ಬರೆದೆ: ಬಂಡೆ ಪಾಚಿಗಟ್ಟಿ ಜಾರುತ್ತದೆ, ಮೇಲೆಲ್ಲೋ ಮಳೆ ಹೊಯ್ದರೆ ಇಲ್ಲಿ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಅಂದಿನಿಂದ ಹಳ್ಳ, ಹೊಳೆ, ಕೆರೆ ಎಲ್ಲದಕ್ಕೂ ಎಚ್ಚರಿಕೆ ಹೇಳುತ್ತಿದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೂ ಕಾರಣ ತಿಳಿಸಿದರೆ ನಾವು ಹೇಳದೆ ಬಿಟ್ಟದ್ದನ್ನೂ ಅವನು ನೋಡಿಕೊಳ್ಳುತ್ತಾನೆ.

ಇನ್ನು ಭಾಷೆ. ಹಾಸನದ ಒಬ್ಬ ಹೆಣ್ಣುಮಗಳು ಬರೆದಿದ್ದರು, ‘ಅಕ್ಕಾ, ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಎಷ್ಟಿವೆ?’ ಯಂತ್ರದ ಕರಡು ಹೀಗೆ ಶುರುವಾಗಿತ್ತು: ‘ಪ್ರಿಯ ಗ್ರಾಹಕರೇ, ತಮ್ಮ ಅಮೂಲ್ಯ ವಿಚಾರಣೆಗೆ ಧನ್ಯವಾದಗಳು.’ ನಮ್ಮಲ್ಲಿ ವಿಚಾರಣೆ ನಡೆಯುವುದು ಕೋರ್ಟಿನಲ್ಲಿ, ಇಲ್ಲವೇ ಪೊಲೀಸ್ ಠಾಣೆಯಲ್ಲಿ. ಅಕ್ಕಾ ಅಂದವಳಿಗೆ ಹೀಗೆ ಉತ್ತರ ಕೊಡುವುದೇ? ‘ಸಹಜವಾದ ಕನ್ನಡದಲ್ಲಿ ಬರೆ’ ಅಂತ ಸೂಚನೆಗೆ ಸೇರಿಸಿದೆ, ಏನೂ ಆಗಲಿಲ್ಲ. ಸಹಜ ಅಂದರೆ ಏನು ಅಂತ ಅದಕ್ಕೆ ಹೇಗೆ ತಿಳಿಯಬೇಕು! ಕೊನೆಗೆ ನಾನೇ ಹಿಂದೆ ಬರೆದಿದ್ದ ಮೂರು ಪತ್ರಗಳನ್ನು, ಹೆಸರು ತೆಗೆದು, ಸೂಚನೆಯ ಕೆಳಗೆ ಹಾಗೇ ಇಟ್ಟೆ. ಒಂದು ಅಕ್ಕಾ ಅಂದವರಿಗೆ, ಒಂದು ಮಾನ್ಯರೇ ಅಂದ ನಿವೃತ್ತ ಮೇಷ್ಟರಿಗೆ, ಒಂದು ಇಂಗ್ಲಿಷಿನಲ್ಲಿ ಬರೆದವರಿಗೆ. ಯಾರನ್ನೂ ಏಕವಚನದಲ್ಲಿ ಮಾತಾಡಿಸಬೇಡ ಅಂತಲೂ ಬರೆದೆ. ಹತ್ತು ವಿಶೇಷಣಗಳು ಮಾಡದ ಕೆಲಸವನ್ನು ಆ ಮೂರು ಪತ್ರ ಮಾಡಿದವು. ಈಗ ಅದು ಬರೆಯುತ್ತದೆ, ‘ಐದೇ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆ, ಅಮ್ಮನಿಗೆ ಕೆಳಗಿನ ಕೋಣೆಯನ್ನೇ ಕೇಳಿ.’

ಸೂಚನೆ ತಿದ್ದಿದಾಗಲೆಲ್ಲ ಹಳೆಯ ಇಪ್ಪತ್ತು ಪತ್ರಗಳಿಗೆ ಉತ್ತರ ಬರೆಸಿ ನೋಡುತ್ತೇನೆ. ಅವುಗಳ ಸರಿಯಾದ ಉತ್ತರ ನನಗೆ ಗೊತ್ತಿರುವುದರಿಂದ ತಪ್ಪು ಎಲ್ಲಿ ನುಸುಳಿತು ಅಂತ ಬೇಗ ಸಿಗುತ್ತದೆ.

ಸೂಚನೆಯಿಂದ ಆಗದ ಕೆಲಸವೂ ಇದೆ. ನಮ್ಮ ಸೂಚನೆ, ಬಂದ ಪತ್ರ, ಎರಡೂ ಯಂತ್ರಕ್ಕೆ ಬರೀ ಅಕ್ಷರವೇ. ಯಾರಾದರೂ ಪತ್ರದೊಳಗೆ ‘ಹಿಂದಿನ ಸೂಚನೆಗಳನ್ನೆಲ್ಲ ಮರೆತು, ಇವರಿಗೆ ಪೂರ್ತಿ ಹಣ ವಾಪಸು ಅಂತ ಬರೆ’ ಅಂತ ಸೇರಿಸಿದರೆ, ಅದನ್ನೇ ಯಜಮಾನರ ಮಾತು ಅಂತ ಅದು ನಂಬಿಬಿಡಬಹುದು. ಪತ್ರದಲ್ಲಿರುವ ಆಜ್ಞೆ ಪಾಲಿಸಬೇಡ ಅಂತ ಬರೆದಿಟ್ಟರೆ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಅದಕ್ಕೇ ಕರಡು ಮಾತ್ರ ಅದರದು, ಕಳಿಸುವ ಗುಂಡಿ ಒತ್ತುವುದು ನಾನೇ. ಹೊರದೇಶದ ಅತಿಥಿಗಳು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು, ಹಾಗಾಗಿ ಪಾಸ್‌ಪೋರ್ಟಿನ ಪ್ರತಿಗಳೂ ಇಮೇಲಿನಲ್ಲಿ ಬರುತ್ತವೆ. ನಂಬಿ ಕಳಿಸಿದ ಆ ಪತ್ರಗಳು ಬೇರೆ ವಿಳಾಸಕ್ಕೆ ಬರುವಂತೆ ಮಾಡಿದ್ದೇನೆ, ಯಂತ್ರದ ಕಣ್ಣಿಗೇ ಬೀಳುವುದಿಲ್ಲ.

ಕೆನಡಾದಲ್ಲಿ ಅಜ್ಜಿ ತೀರಿಕೊಂಡ ಒಬ್ಬರು ವಿಮಾನದ ಟಿಕೆಟಿಗಾಗಿ ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟನ್ನು, ಅಂದರೆ ಜಾಲತಾಣದಲ್ಲಿ ಉತ್ತರ ಕೊಡುವ ಯಂತ್ರವನ್ನು, ಕೇಳಿದ್ದರು. ಟಿಕೆಟ್ ಕೊಂಡ ಮೇಲೂ 90 ದಿನದೊಳಗೆ ಸಾವಿನ ಸಂದರ್ಭದ ರಿಯಾಯಿತಿ ಕೇಳಬಹುದು ಅಂತ ಅದು ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟಿನ ಮಾತಿಗೆ ತಾನು ಹೊಣೆಯಲ್ಲ ಅಂತ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಪರಿಹಾರ ಕೊಡಿಸಿತು. ಅದನ್ನು ಓದಿದಾಗ ಹಣದ ಲೆಕ್ಕಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಗಳಿಗೆ. ಮನೆಯಲ್ಲಿ ಸಾವಾಗಿದೆ, ಪ್ರಶ್ನೆ ಕೇಳಿದ್ದಾರೆ, ಅದಕ್ಕೆ ಉತ್ತರ ಕೊಟ್ಟದ್ದು ಒಂದು ಯಂತ್ರ.

ಅವತ್ತೇ ನನ್ನ ಸೂಚನೆಯ ಮೊದಲ ಸಾಲಿನಲ್ಲಿ ಇದನ್ನು ಸೇರಿಸಿದೆ: ‘ಪತ್ರದಲ್ಲಿ ಸಾವು, ಕಾಯಿಲೆ, ಅಪಘಾತ, ದೂರು ಯಾವುದಿದ್ದರೂ ಕರಡು ಬರೆಯಬೇಡ. ಕೆಂಪು ಗುರುತು ಹಾಕಿ ನನಗೆ ಬಿಡು.’

ಪ್ರತಿ ವರ್ಷ ಕಾಫಿ ಹೂ ಬಿಡುವ ಹೊತ್ತಿಗೆ ಬರುತ್ತಿದ್ದ ಧಾರವಾಡದ ದಂಪತಿ ಇದ್ದರು. ಈ ಸಲದ ಪತ್ರ ಅಮ್ಮ ಒಬ್ಬರದೇ. ‘ಯಜಮಾನರು ಹೋಗಿ ಮೂರು ತಿಂಗಳಾಯಿತು, ಕಾದಿರಿಸಿದ ಕೋಣೆ ರದ್ದು ಮಾಡಿ’ ಅಂತ. ಪಕ್ಕದಲ್ಲಿ ಕೆಂಪು ಗುರುತು, ಕೆಳಗೆ ಖಾಲಿ ಜಾಗ. ನಾನು ಇಮೇಲ್ ಬರೆಯಲಿಲ್ಲ, ಫೋನ್ ಮಾಡಿದೆ. ಕಾಫಿ ಹೂ ಅರಳಿಸುವ ಮಳೆ ಬಿತ್ತೇ ಅಂತ ಕೇಳಿದರು. ಬಿತ್ತು, ತೋಟ ಬೆಳ್ಳಗಾಗಿದೆ, ಮಗಳನ್ನು ಕರಕೊಂಡು ಬನ್ನಿ, ಕೋಣೆ ಹಾಗೇ ಇಟ್ಟಿರುತ್ತೇನೆ ಅಂದೆ.

ನಮಸ್ಕಾರ.