ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ಒಂದು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಮಕ್ಕಳ ರಕ್ತದ ಕಾಯಿಲೆ ನೋಡುವ ವೈದ್ಯೆ. ಇವತ್ತು ಬಸುರಿ ಹೆಣ್ಣುಮಕ್ಕಳಿಗೆ, ಅವರಿಗಿಂತ ಜಾಸ್ತಿ ಅವರ ಅತ್ತೆಯರಿಗೆ, ಒಂದೇ ಮಾತು ಹೇಳುವುದಿದೆ. ಎಕ್ಸ್-ರೇ ಕೋಣೆಗೆ ಕಾಲಿಡುವ ಮೊದಲು ಬಾಯಿಬಿಟ್ಟು ಹೇಳಿ, "ನಾನು ಬಸುರಿ" ಅಂತ. ಖಾತ್ರಿ ಇಲ್ವಾ? "ಈ ತಿಂಗಳು ಮುಟ್ಟಾಗಿಲ್ಲ" ಅನ್ನಿ.

ಇದಕ್ಕೂ ಮಕ್ಕಳ ಬ್ಲಡ್ ಕ್ಯಾನ್ಸರಿಗೂ ಏನು ಸಂಬಂಧ ಅಂತೀರಾ? ಒಂದು ಕಥೆ ಇದೆ, ನನಗೆ ತುಂಬಾ ಇಷ್ಟದ್ದು.

ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಮೆಹರ್‌ಬಾಯಿ ಭಾಭಾ ಎಂಬ ಹುಡುಗಿ ಓದಿದಳು. ಅಪ್ಪ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿ. ಮುಂದೆ ಆಕೆ ದೊರಾಬ್‌ಜಿ ಟಾಟಾ ಅವರ ಕೈಹಿಡಿದರು. 1931ರಲ್ಲಿ ಬ್ಲಡ್ ಕ್ಯಾನ್ಸರಿನಿಂದ ತೀರಿಕೊಂಡರು. ಗಂಡ ಆಕೆಯ ನೆನಪಿಗೆ, ಇದೇ ಕಾಯಿಲೆಯ ಸಂಶೋಧನೆಗೆಂದು ಒಂದು ನಿಧಿ ಇಟ್ಟರು. 1950ರ ದಶಕದಲ್ಲಿ ಆ ನಿಧಿಯ 1000 ಪೌಂಡ್ ಹೋಗಿ ಸೇರಿದ್ದು ಯಾರ ಕೈಗೆ ಗೊತ್ತೇ? ಆಕ್ಸ್‌ಫರ್ಡಿನ ಡಾಕ್ಟರ್ ಆಲಿಸ್ ಸ್ಟುವರ್ಟ್ ಅವರ ಕೈಗೆ.

ಈಯಮ್ಮ ಮಾಡಿದ್ದಿಷ್ಟೇ. ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಕೇಳಿದರು. ಮನೆಯಲ್ಲಿ ನಾಯಿ ಇತ್ತಾ, ಕೋಳಿ ಇತ್ತಾ? ಬಣ್ಣದ ಪಾನಕ ಕುಡಿದಿತ್ತಾ ಮಗು? ಬಸುರಿನಲ್ಲಿ ಎಕ್ಸ್-ರೇ ತೆಗೆಸಿದ್ರಾ? ಗಟ್ಟಿಮುಟ್ಟಾಗಿದ್ದ ಮಕ್ಕಳ ತಾಯಂದಿರಿಗೂ ಅದೇ ಪ್ರಶ್ನೆ. ನಾಯಿ, ಕೋಳಿ, ಪಾನಕದಲ್ಲಿ ಏನೂ ಸಿಗಲಿಲ್ಲ. ಆದರೆ ಹೊಟ್ಟೆಗೆ ಎಕ್ಸ್-ರೇ ಆಗಿದೆ ಅಂದವರು ಮಕ್ಕಳನ್ನು ಕಳೆದುಕೊಂಡವರಲ್ಲಿ ಸುಮಾರು ಎರಡರಷ್ಟಿದ್ದರು! ಆಗ ಕೂಸು ಅಡ್ಡ ಇದೆಯಾ, ಅವಳಿಯಾ ಅಂತ ನೋಡುವುದಕ್ಕೂ ಎಕ್ಸ್-ರೇಯನ್ನೇ ತೆಗೆಯುತ್ತಿದ್ದರು. 1956ರಲ್ಲಿ ಆಕೆ ಇದನ್ನು ಬರೆದರು. ಒಪ್ಪಿಕೊಳ್ಳಲು ನಮ್ಮ ವೈದ್ಯರು ವರ್ಷಗಟ್ಟಲೆ ಹಿಂದೆ ಮುಂದೆ ನೋಡಿದರು.

ಗ್ರಹಣದ ದಿನ ಸೊಸೆಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುತ್ತೀರಿ. ಪಪ್ಪಾಯಿ ಮುಟ್ಟಲು ಬಿಡುವುದಿಲ್ಲ. ಅದೇ ಸೊಸೆ ಬಿದ್ದು ಸೊಂಟ ನೋವು ಅಂದರೆ, ಎಕ್ಸ್-ರೇಗೆ ಸುಮ್ನೆ ಕಳಿಸಿಬಿಡುತ್ತೀರಿ! ತಾಯಿ ಕಾರ್ಡ್ ಮನೆಯಲ್ಲೇ ಬಿಟ್ಟು! ಹೇಳಿ ತಾಯಿ, ಬಾಗಿಲಲ್ಲೇ ಹೇಳಿ. ಮುಂದಿನದು ಡಾಕ್ಟರ್ ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದೆ ತೆಗೆಸಿದ್ದರೆ ಗಾಬರಿಯಾಗಿ ಬಸುರು ತೆಗೆಸಲು ಓಡಬೇಡಿ. ಕಾಯಿಲೆಯೇ ಅಪರೂಪದ್ದು. ಈಗ ಹೊಟ್ಟೆಯ ಕೂಸನ್ನು ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇರೆ, ಅದು ಬರೀ ಶಬ್ದದ ಅಲೆ. ಅದಕ್ಕೆ ಹೆದರಬೇಕಿಲ್ಲ.

ಗಾಜಿನ ಆಚೆಯಿಂದ ಕೈ ಬೀಸುತ್ತಿದ್ದಾರೆ, ಹೊತ್ತಾಯ್ತಂತೆ. ಬೇಗ ಹೇಳಿಬಿಡುತ್ತೇನೆ. ನಾಲ್ಕು ಕೆಜಿ ದಾಟಿ ಹುಟ್ಟಿದ ಮಕ್ಕಳಿಗೆ ಬ್ಲಡ್ ಕ್ಯಾನ್ಸರಿನ ಅಪಾಯ ಕೊಂಚ ಜಾಸ್ತಿ, ಹಾಗಂತ ಬಸುರಿಯನ್ನು ಉಪವಾಸ ಕೆಡವಬೇಡಿ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಒಂದು ವರ್ಣತಂತು ಜಾಸ್ತಿ, ಇರುವ ಮಕ್ಕಳಿಗೆ ಅಪಾಯ ಹತ್ತು ಪಟ್ಟಿಗೂ ಹೆಚ್ಚು. ಅಂಥ ಕೂಸು ಹುಟ್ಟಿದ ವಾರದಲ್ಲೇ ಒಂದು ರಕ್ತಪರೀಕ್ಷೆ ಮಾಡಿಸಿ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ತೆಗೆದ ರಕ್ತದ ಚುಕ್ಕೆಯಲ್ಲೇ, ವರ್ಷಗಳ ನಂತರ ಬರುವ ಕಾಯಿಲೆಯ ಗುರುತು ಸಿಕ್ಕಿದೆ. ಅಯ್ಯೋ, ಅದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಮಗು ಬಿಳಿಚಿಕೊಂಡಿದ್ದರೆ, ಏಟು ಬೀಳದೆಯೇ ಮೈಮೇಲೆ ನೀಲಿ ಕಲೆ ಎದ್ದಿದ್ದರೆ, ಜ್ವರ ಬಿಡದಿದ್ದರೆ ಸಿಬಿಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿ. ಎಕ್ಸ್-ರೇ ಮಾತು ಮರೀಬೇಡಿ. ನಮಸ್ಕಾರ.